ಒಗ್ಗರಣೆಯಿಲ್ಲದ ದೀಪಾವಳಿ

ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಇಂದಿಗೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಅಡುಗೆಮನೆಯಲ್ಲೇ ಆಯುಷ್ಯ ಕಳೆದವಳಿಗೆ ಇದೆಂಥ ಅಂಜಿಕೆ ಎಂದು ನೀವು ನಗಬಹುದು. ಆದರೆ ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಒಂದು ದೀಪಾವಳಿಯ ಬೆಳಿಗ್ಗೆ ಆ ಸದ್ದು ಕೇಳದಿರಲಿ ಎಂದು ಉಸಿರು ಬಿಗಿಹಿಡಿದು ಮಲಗಿದ್ದೆ. ಕಾಯಿಲೆ ಬಿದ್ದು, ಒಬ್ಬಳೇ, ಮನೆಯ ಹೊರಗೆ. ಈ ಕತೆ ಹೇಳಿದಾಗಲೆಲ್ಲ ಕೇಳಿದವರು "ಪಾಪ" ಎನ್ನುತ್ತಾರೆ. ದಯವಿಟ್ಟು ನೀವು ಹಾಗೆನ್ನಬೇಡಿ. ಅಂಥ ಹಬ್ಬ ನನಗೆ ಮತ್ತೆ ಸಿಗಲಿಲ್ಲ.

ಕುಮಟೆಯ ಹತ್ತಿರ ಬಾಡದಲ್ಲಿ ನಮ್ಮ ಮನೆ. ಅಪ್ಪ ಮತ್ತು ದೊಡ್ಡಪ್ಪನಿಗೆ ಸೇರಿ ಒಂದು ದೋಣಿ. ಆ ವರ್ಷವಷ್ಟೇ ನನ್ನನ್ನು ಹೊನ್ನಾವರದ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಹಬ್ಬದ ರಜೆಗೆಂದು ಬಂದವಳಿಗೆ ಎರಡೇ ದಿನದಲ್ಲಿ ಜ್ವರ, ಹಿಂದೆಯೇ ಮೈತುಂಬ ನೀರುಗುಳ್ಳೆ. ಸಿಡುಬು ಎಂದು ಹೆಸರೆತ್ತುವಂತಿರಲಿಲ್ಲ. ದೇವಿ ಬಂದಿದ್ದಾಳೆ ಅನ್ನಬೇಕು. ಅಮ್ಮನ ತೊಡೆಯ ಮೇಲೆ ಹಸಿಗೂಸು ತಮ್ಮನಿದ್ದ, ಅವಳು ನನ್ನ ಬಳಿ ಸುಳಿಯುವ ಹಾಗಿರಲಿಲ್ಲ. ಅಂಗಳದಾಚೆ ಬಲೆ ಇಡುವ ಕೊಟ್ಟಿಗೆಯಲ್ಲಿ ಮಂಚಕ್ಕೆ ಬೇವಿನ ಸೊಪ್ಪು ಹಾಸಿ ನನ್ನನ್ನು ಮಲಗಿಸಿದರು. ಹಗ್ಗದ ವಾಸನೆ, ಒಣಗಿದ ಉಪ್ಪಿನ ವಾಸನೆ, ನೂಲಿನ ಬಲೆಗೆ ಬಣ್ಣ ಕಟ್ಟಲು ಕುದಿಸುತ್ತಿದ್ದ ಮರದ ತೊಗಟೆಯ ಒಗರು ವಾಸನೆ. ತೆಂಗಿನ ಮಡಲು ಹೆಣೆದ ಗೋಡೆಯ ಸಂದಿಯಿಂದ ಬಿಸಿಲು ಚೂರುಚೂರಾಗಿ ಬಂದು ಮೊಣಕಾಲ ಮೇಲೆ ಕೂರುತ್ತಿತ್ತು. ಮರಳಲ್ಲಿ ತೂತು ಕೊರೆದು ಒಂದು ಸಣ್ಣ ಏಡಿ ಇಣುಕುತ್ತಿತ್ತು. ನಾನು ಕೆಮ್ಮಿದರೆ ಒಳಗೆ, ಸುಮ್ಮನಾದರೆ ಹೊರಗೆ. ಮಾತಿಗೆ ಅದೊಂದೇ.

ದೇವಿ ಇರುವಷ್ಟು ದಿನ ಮನೆಯಲ್ಲಿ ಕರಿಯುವುದು, ಒಗ್ಗರಣೆ ಹಾಕುವುದು ಕೂಡದು. ಕಾದ ಎಣ್ಣೆಯ ಘಾಟು ಅವಳಿಗೆ ಆಗದು. ಇದು ಎಲ್ಲರಿಗೂ ಗೊತ್ತಿದ್ದ ಕಟ್ಟಲೆ. ಆದರೆ ಹಬ್ಬದ ಮುನ್ನಾದಿನ ಸಂಜೆ ಅಂಗಳದಲ್ಲಿ ದೊಡ್ಡಪ್ಪನ ದನಿ ಕೇಳಿಸಿತು.

"ಬಲೆ ಕೊಟ್ಟಿಗೆ ಬೇರೆ, ಮನೆ ಬೇರೆ. ದೇವಿ ಬಂದದ್ದು ಅವ್ಳಿಗೆ, ನಮಗಲ್ಲ. ನಾಳೆ ವಡೆ ಆಗ್ಬೇಕು. ಶಿಲುಬೆ ಮುಂದೆ ಕೈ ಮುಗದ್ರೆ ದೇವಿಗೆ ಸಿಟ್ಟು ಬರದೆ ಇರ್ತದ್ಯಾ? ಹಬ್ಬ ಮುಗೀಲಿ, ಆ ಶಾಲೆ ಸಾಕು."

ಅಪ್ಪ ಅಣ್ಣನ ಮಾತಿಗೆ ಎದುರಾಡುವವನಲ್ಲ. ಹನ್ನೊಂದರ ಹುಡುಗಿಗೂ ಲೆಕ್ಕ ಸ್ಪಷ್ಟವಿತ್ತು. ನಾಳೆ ಆ ಅಡುಗೆಮನೆಯಲ್ಲಿ ಎಣ್ಣೆ ಕಾದರೆ ದೇವಿ ಬಂದದ್ದು ನನ್ನೊಬ್ಬಳಿಗೆ, ತಪ್ಪೂ ನನ್ನೊಬ್ಬಳದೇ ಎಂದು ಇಡೀ ಮನೆ ಒಪ್ಪಿದ ಹಾಗೆ. ಆಮೇಲೆ ಹೊನ್ನಾವರವಿಲ್ಲ, ಶಾಲೆಯ ನೀಲಿ ಲಂಗವಿಲ್ಲ, ಪುಸ್ತಕವಿಲ್ಲ.

ಬೆಳಿಗ್ಗೆ ಹಂಡೆಯ ನೀರು ಮೊಗೆಯುವ ಸದ್ದು, ದೊಡ್ಡಪ್ಪನ ಮಕ್ಕಳ ಕೇಕೆ. ನನಗೆ ಸ್ನಾನವಿಲ್ಲ. ಗೋಡೆಗೆ ಕಿವಿಯಿಟ್ಟು ಮಲಗಿದ್ದೆ. ಗೂಟದಿಂದ ದೊಡ್ಡ ಬಾಣಲೆ ಇಳಿಸಿದ ಸದ್ದು ಠಣ್ಣೆಂದು ಬಂತು. ಮುಗಿಯಿತು ಎಂದುಕೊಂಡೆ. ಆದರೆ ಹೆಜ್ಜೆ ಒಲೆಯ ಕಡೆ ಹೋಗಲಿಲ್ಲ, ಅಂಗಳ ದಾಟಿ ಬಂತು. ತಟ್ಟಿ ಬಾಗಿಲು ಸರಿಸಿ ನಿಂತವಳು ಅಜ್ಜಿ, ಅಪ್ಪನ ತಾಯಿ. ಚಿಕ್ಕವಳಿದ್ದಾಗಲೇ ಸಿಡುಬು ಬಂದು ಮುಖವೆಲ್ಲ ಕುಳಿ ಬಿದ್ದಿದ್ದ ಅವಳೊಬ್ಬಳಿಗೇ ನನ್ನ ಬಳಿ ಬರಲು ಹೆದರಿಕೆಯಿರಲಿಲ್ಲ. ಬಾಣಲೆಯನ್ನು ನನ್ನ ಮಂಚದಡಿಗೆ ಕಾಲಿನಿಂದ ಒತ್ತಿ ತಳ್ಳಿ, ಬಾಗಿಲಲ್ಲಿ ನಿಂತು ದೊಡ್ಡಪ್ಪನನ್ನು ಕೂಗಿದಳು:

"ಏ ತಮ್ಮಾ, ಬಾಣಲೆ ಇಲ್ಲುಂಟು. ವಡೆ ಬೇಕಾದ್ರೆ ಒಳಗೆ ಬಂದು ತಕಂಡೋಗು."

ದೊಡ್ಡಪ್ಪನಿಗೆ ಸಿಡುಬು ಬಂದಿರಲಿಲ್ಲ. ಅಂಗಳದ ಆ ತುದಿಯಿಂದಲೇ ಏನೋ ಗೊಣಗಿದ. ಅಜ್ಜಿ ಬಿಡಲಿಲ್ಲ.

"ಶಾಲೆಗೆ ಹೋಗಿದ್ಕೆ ದೇವಿ ಬಂದದ್ದು ಅಂತ್ಯಲ, ನಾ ಯಾವ ಶಾಲೆಗೆ ಹೋಗಿದ್ದೆ? ಈ ಮುಖ ನೋಡ್ಕಂಡು ಹೇಳು. ಕೊಟ್ಟಿಗೆ ಬೇರೆಯಂತೆ! ನಿನ್ನ ಬಲೆ ಇಲ್ಲೇ ಮಲಗೂದಲ್ದಾ? ದೇವಿ ಮನೆಗೆ ಬಂದದ್ದು. ಮನೆಯವ್ರೆಲ್ಲ ಬಾಯಿ ಕಟ್ಟಿ."

ಬಾಣಲೆ ಮಂಚದಡಿಯಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಬಾಳೆಲೆಯಲ್ಲಿ ತಂದಿಟ್ಟದ್ದು ತೆಂಗಿನ ತುರಿ, ಬೆಲ್ಲ ಕಲಸಿದ ಅವಲಕ್ಕಿ. ಮನೆಯೊಳಗೆ ಎಲ್ಲರ ಎಲೆಗೂ ಅದೇ. ಕಾನ್ವೆಂಟಿನಲ್ಲಿ ಊಟಕ್ಕೆ ಮೊದಲು ಕೈಜೋಡಿಸಿ ಇಂಗ್ಲಿಷಿನಲ್ಲಿ ಎರಡು ಸಾಲು ಹೇಳುತ್ತಿದ್ದೆವು. ಜ್ವರ ಬಂದಾಗಿನಿಂದ ಹೆದರಿ ಬಿಟ್ಟಿದ್ದೆ. ಅಂದು ತನ್ನಷ್ಟಕ್ಕೆ ಬಾಯಿಗೆ ಬಂತು, ತುಟಿಯೊಳಗೇ.

"ಎಂತ ಅದು ಗುಣುಗುಣು?" ಎಂದಳು ಅಜ್ಜಿ.

"ಉಣ್ಣೂ ಮೊದ್ಲು ಹೇಳೂದು, ಅಜ್ಜಿ. ಕೊಟ್ಟವ್ರನ್ನ ನೆನೆಯೂದು."

"ಹಾಗಾರೆ ಕಳ್ಳರ ಹಾಗೆ ಎಂತಕ್ಕೆ? ಗಟ್ಟಿ ಹೇಳು, ತಂಗಿ. ಅವ್ನಿಗೂ ಕೇಳ್ಲಿ."

ಗಟ್ಟಿಯಾಗಿಯೇ ಹೇಳಿದೆ. ಗಂಟಲು ಒಡೆದಿತ್ತು, ತುಟಿಯ ಮೇಲಿನ ಗುಳ್ಳೆ ಉರಿಯುತ್ತಿತ್ತು. ಆದರೂ ಅಂಗಳದಾಚೆ ಕೇಳುವಷ್ಟು ಗಟ್ಟಿಯಾಗಿ, ಒಂದು ಅಕ್ಷರ ಬಿಡದೆ. ದೇವರಿಗೆ ಹೇಳಿದೆನೋ, ದೇವಿಗೋ, ಎದುರು ಕುಕ್ಕರಗಾಲಲ್ಲಿ ಕೂತ ಆ ಕುಳಿಬಿದ್ದ ಮುಖಕ್ಕೋ, ನನಗೆ ಆಗಲೂ ತಿಳಿದಿರಲಿಲ್ಲ. ಅವಲಕ್ಕಿಯಲ್ಲಿ ಬೆಲ್ಲ ಸರಿಯಾಗಿ ಕರಗದೆ ಹಲ್ಲಿಗೆ ಸಿಗುತ್ತಿತ್ತು. ಆ ಸಿಹಿ ಇನ್ನೂ ಇದೆ.

ರಜೆ ಮುಗಿದು, ಮೈಯ ಹುರುಪೆ ಉದುರಿದ ಮೇಲೆ ಹೊನ್ನಾವರದ ಬಸ್ಸಿಗೆ ನನ್ನ ಟ್ರಂಕು ಏರಿಸಿದವನು ದೊಡ್ಡಪ್ಪನೇ, ಮುಖ ಊದಿಸಿಕೊಂಡು.

ಆ ಮನೆ ಈಗಿಲ್ಲ. ಮಳೆಗಾಲದಿಂದ ಮಳೆಗಾಲಕ್ಕೆ ಕಡಲು ಮುಂದೆ ಬಂದು ಮೊದಲು ಕೊಟ್ಟಿಗೆಯನ್ನು, ಆಮೇಲೆ ಅಂಗಳವನ್ನು ತೆಗೆದುಕೊಂಡಿತು. ಅದಕ್ಕೂ ಮೊದಲೇ ಅಜ್ಜಿ ಹೋಗಿದ್ದಳು. ಪ್ರತಿ ದೀಪಾವಳಿಯ ಬೆಳಿಗ್ಗೆ ನನ್ನ ಮನೆಯಲ್ಲಿ ಮೊದಲ ಅವಲಕ್ಕಿಗೆ ಒಗ್ಗರಣೆ ಬೀಳುವುದಿಲ್ಲ. ಸೊಸೆ ಎಣ್ಣೆಯ ಡಬ್ಬಿ ಹಿಡಿದು ಕಾಯುತ್ತಾಳೆ. ಕಾಯಲಿ. ಬಾಳೆಲೆಯ ಮುಂದೆ ಕೂತು ನಾನು ಆ ಎರಡು ಸಾಲು ಹೇಳುತ್ತೇನೆ, ಗಟ್ಟಿಯಾಗಿ, ಕಡಲಿನವರೆಗೂ ಕೇಳಬೇಕು ಎಂಬಂತೆ.