ಯುಗಾಂಡಾದಲ್ಲಿ ನಾನು ಧಣಿ ಬದಲಿಸಿದ ವರ್ಷ

೧೯೩೮ರಲ್ಲಿ ನಾನು ಹುಬ್ಬಳ್ಳಿಯ ಒಂದು ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದೆ. ಜಿನ್ ಎಂದರೆ ಹತ್ತಿಯಿಂದ ಕಾಳು ಬಿಡಿಸಿ ಅರಳೆ ತೆಗೆಯುವ ಕಾರ್ಖಾನೆ. ಚರ್ಮ ಹೊದಿಸಿದ ರೋಲರ್ ತಿರುಗುತ್ತ ಅರಳೆಯನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ತಾಗಿಕೊಂಡ ಉಕ್ಕಿನ ಪಟ್ಟಿ ಕಾಳನ್ನು ತಡೆಯುತ್ತದೆ. ಸವೆದ ಚರ್ಮ ಬದಲಿಸಿ, ಪಟ್ಟಿಯನ್ನು ಹದವಾಗಿ ಕೂಡಿಸುವುದು ನನ್ನ ಕೆಲಸ. ಹತ್ತಿ ಬರುವ ತಿಂಗಳುಗಳು ಮುಗಿದರೆ ಜಿನ್ ಬಂದ್, ನಾವೂ ಮನೆಯಲ್ಲಿ. ಅಂಥ ಒಂದು ಬಿಡುವಿನಲ್ಲಿ ಯುಗಾಂಡಾದ ಗುಜರಾತಿ ಸೇಠರೊಬ್ಬರ ಏಜೆಂಟ್ ಫಿಟ್ಟರುಗಳನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಬಂದ. ಎರಡು ವರ್ಷದ ಕರಾರು, ಹೋಗಿಬರುವ ಹಡಗಿನ ಖರ್ಚು ಸೇಠರದು. ನಾನು ಒಪ್ಪಿಕೊಂಡೆ.

ನನ್ನ ಹೆಂಡತಿ ಬೀಬಿಜಾನ್ ಆಗ ಬಸುರಿ. ಅವಳನ್ನು ರಾಯಾಪುರದ ತವರಿನಲ್ಲಿ ಬಿಟ್ಟು ಮುಂಬಯಿಯ ರೈಲು ಹತ್ತಿದೆ. ಮಗಳು ಹುಟ್ಟಿದ ಸುದ್ದಿ ನನಗೆ ತಲುಪುವ ಹೊತ್ತಿಗೆ ಅವಳಿಗೆ ಹೆಸರಿಟ್ಟೂ ಆಗಿತ್ತು: ಜೈನಾಬಿ.

ಸೇಠರ ಜಿನ್ ಒಂದು ದೊಡ್ಡ ಸರೋವರದ ದಂಡೆಯ ಹಳ್ಳಿಯಲ್ಲಿತ್ತು. ಅಲ್ಲಿ ಕನ್ನಡ ಬಲ್ಲವರು ಇಬ್ಬರೇ, ನಾನು ಮತ್ತು ಗುಮಾಸ್ತ ಶ್ರೀಪಾದರಾಯರು. ರಾಯರದು ಧಾರವಾಡದ ಕೆಲಗೇರಿ. ಸಂಜೆ ಯಂತ್ರ ನಿಂತ ಮೇಲೆ ನಾವು ನೀರಿನ ಕಡೆ ಅಡ್ಡಾಡಲು ಹೋಗುತ್ತಿದ್ದೆವು. ಸಮುದ್ರದಂಥ ಆ ಸರೋವರವನ್ನು ನೋಡುತ್ತ ರಾಯರು, ಕೆಲಗೇರಿ ಕೆರೆಯ ಗಾಳಿ ಇದಕ್ಕೆಲ್ಲಿ ಬರಬೇಕು ಎನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ದಿನವಿಡೀ ಹರಕು ಗುಜರಾತಿ, ಮುರುಕು ಸ್ವಾಹಿಲಿ ಮಾತಾಡಿದ ಬಾಯಿಗೆ ಆ ಒಂದು ತಾಸಿನ ಕನ್ನಡ ಬೇಕಾಗಿತ್ತು.

೧೯೪೦ರ ಆರಂಭದಲ್ಲಿ ಬೇರೊಂದು ಊರಿನ ಜಿನ್ನಿನ ಮಾಲೀಕರು ನನ್ನನ್ನು ಕರೆದರು. ಎರಡು ಕೋಣೆಯ ಮನೆ ಕೊಡುತ್ತೇನೆ, ಹೆಂಡತಿ ಮಗುವನ್ನು ನನ್ನ ಖರ್ಚಿನಲ್ಲಿ ಕರೆಸುತ್ತೇನೆ ಎಂದರು. ಸೇಠರಲ್ಲಿ ನಾವೆಲ್ಲ ಒಂದೇ ಸಾಲಿನ ಖೋಲಿಗಳಲ್ಲಿ ಒಟ್ಟಿಗೆ ಇರುತ್ತಿದ್ದೆವು, ಸಂಸಾರಕ್ಕೆ ಜಾಗವಿರಲಿಲ್ಲ. ಮಗಳನ್ನು ನೋಡಬಹುದೆಂಬ ಮಾತೊಂದೇ ನನ್ನ ತಲೆಯಲ್ಲಿ ಕುಳಿತಿತು.

ಆದರೆ ಧಣಿಯನ್ನು ಬದಲಿಸುವುದು ಸುಲಭವಲ್ಲ. ಯಾರ ಕೆಲಸಕ್ಕೆಂದು ನಮ್ಮನ್ನು ದೇಶದೊಳಗೆ ಬಿಟ್ಟಿದ್ದರೋ ಅವರ ಹೆಸರು ಪರ್ಮಿಟ್ ಮೇಲೆ ಇರುತ್ತಿತ್ತು. ಅವರನ್ನು ಬಿಟ್ಟರೆ ಪರ್ಮಿಟ್ಟೂ ಹೋಯಿತು. ಹಳೆಯ ಧಣಿ ಒಪ್ಪಿ ಸಹಿ ಮಾಡಬೇಕು, ಹೊಸಬರು ಜಾಮೀನು ನಿಲ್ಲಬೇಕು, ಸರ್ಕಾರ ಹೊಸ ಪರ್ಮಿಟ್ ಕೊಡಬೇಕು. ಅದಕ್ಕೂ ಮೊದಲೇ ಹಳೆಯ ಕೆಲಸ ಬಿಟ್ಟರೆ ಊರಿಗೆ ವಾಪಸು ಕಳಿಸುತ್ತೇವೆಂದು ಪರ್ಮಿಟ್ ಕಚೇರಿಯ ಸಾಹೇಬ ಸ್ಪಷ್ಟವಾಗಿ ಹೇಳಿದ.

ಸೇಠರು ಮೊದಲು ಮುಖ ಗಂಟಿಕ್ಕಿದರು. ಕಾರಣ ಹೇಳಿದಾಗ ಮೆತ್ತಗಾದರು. ಅವರ ಸಂಸಾರವೂ ದೂರದ ಗುಜರಾತಿನ ಕಾಠಿಯಾವಾಡದಲ್ಲಿತ್ತು. ಹಂಗಾಮು ಮುಗಿಸಿಕೊಟ್ಟು ಹೋಗು ಎಂದರು. ಮುಗಿಸಿಕೊಟ್ಟೆ, ಸಹಿ ಮಾಡಿದರು.

ತಡೆದವರು ರಾಯರೊಬ್ಬರೇ.

“ಹೊಸಾ ಧಣಿ ಅಂದ್ರ ಹೊಸಾ ಎರಡು ವರ್ಷ ನೋಡ್ರಿ. ಇಲ್ಲೇ ಇದ್ರ ದೀಪಾವಳಿ ಹೊತ್ತಿಗೆ ನನ್ನ ಜೋಡಿ ಹಡಗ ಏರತೀರಿ. ಇನ್ನೊಮ್ಮೆ ವಿಚಾರ ಮಾಡ್ರಿ.”

“ಹೆಂಡತಿ ಮಗಳಽ ಇಲ್ಲಿಗೆ ಬಂದ ಮ್ಯಾಲ ನನಗ್ಯಾಕ್ರಿ ಹಡಗು, ರಾಯರ?” ಎಂದೆ.



ಹೊಸ ಪರ್ಮಿಟ್ ಕೈಗೆ ಬಂದ ಮೇಲೆ ಹೊಸ ಮನೆಗೆ ನಾನೇ ಸುಣ್ಣ ಬಳಿದೆ. ಬೀಸುವ ಕಲ್ಲೊಂದನ್ನು ಹುಡುಕಿ ತಂದೆ, ಮಗಳಿಗೆಂದು ಪುಟ್ಟ ಮಂಚ ಮಾಡಿದೆ. ಮಾಲೀಕರು ಮಾತಿಗೆ ತಪ್ಪಲಿಲ್ಲ, ಸಂಸಾರದ ಪರ್ಮಿಟ್ಟಿಗೆ ಅರ್ಜಿ ಹಾಕಿದರು. ಅದು ಕಚೇರಿಯಲ್ಲಿರುವಾಗಲೇ ಇಟಲಿ ಯುದ್ಧಕ್ಕಿಳಿಯಿತು. ಹಡಗಿಳಿದು ಹಾದುಬರಬೇಕಾದ ಕೀನ್ಯಾದ ಗಡಿಯಾಚೆಗೇ ಇಟಲಿಯ ಸೈನ್ಯವಿತ್ತು. ಹೆಂಗಸರು ಮಕ್ಕಳಿಗೆ ಸದ್ಯ ಪರ್ಮಿಟ್ ಇಲ್ಲವೆಂದು ಉತ್ತರ ಬಂತು. ಸದ್ಯ ಎಂಬ ಮಾತನ್ನು ಹಿಡಿದುಕೊಂಡು ನಾನು ಕಾದೆ.

ದೀಪಾವಳಿಯ ಹೊತ್ತಿಗೆ ರಾಯರ ಕರಾರು ಮುಗಿಯಿತು. ಹಡಗು ಹತ್ತಲು ಮೊಂಬಾಸಾ ಬಂದರಿಗೆ ಹೋಗುವ ದಾರಿಯಲ್ಲಿ ನಾನಿದ್ದ ಊರಲ್ಲಿ ಇಳಿದು ನನ್ನನ್ನು ಕಂಡರು. ನಾನೂ ಬರುತ್ತೇನೆಂದು ಮಾಲೀಕರನ್ನು ಕೇಳಿದ್ದೆ. ಯುದ್ಧಕಾಲದಲ್ಲಿ ಬೇರೆ ಫಿಟ್ಟರ್ ಸಿಗುವುದಿಲ್ಲ, ಅವಧಿ ಮುಗಿಯುವ ತನಕ ಬಿಡಲಾರೆ ಎಂದಿದ್ದರು. ಮಗಳ ಅಂಗಿಗೆಂದು ಹೂವಿನ ಬಟ್ಟೆ ಕೊಟ್ಟು ರಾಯರನ್ನು ರೈಲು ಹತ್ತಿಸಿದೆ. ರೈಲು ಹೋದ ಮೇಲೆ ಆ ಊರಲ್ಲಿ ನನ್ನ ಕನ್ನಡ ಕೇಳುವವರು ಯಾರೂ ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ಅವರ ಪತ್ರ ಬಂತು. ರಾಯಾಪುರಕ್ಕೆ ಹೋಗಿದ್ದರಂತೆ. ಮಗಳು ಹೆದರದೆ ಅವರ ತೊಡೆಯ ಮೇಲೆ ಕುಳಿತು ಬೆಲ್ಲ ತಿಂದಳಂತೆ, ಹಣೆ ಥೇಟ್ ನನ್ನದೇ ಅಂತೆ. ಓದುತ್ತ ಓದುತ್ತ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡೆ. ರಾಯರ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ಹೊಟ್ಟೆಕಿಚ್ಚೂ ಆಯಿತು.

೧೯೪೨ರಲ್ಲಿ ನನ್ನ ಅವಧಿ ಮುಗಿದಾಗ ಜಪಾನೂ ಯುದ್ಧದಲ್ಲಿತ್ತು. ನಮ್ಮಂಥವರಿಗೆ ಹಡಗಿನಲ್ಲಿ ಜಾಗವಿರಲಿಲ್ಲ. ಜಿನ್ನಿನ ಕೆಲಸ ಯುದ್ಧಕ್ಕೆ ಅಗತ್ಯವೆಂದು ಪರ್ಮಿಟ್ಟನ್ನು ವರ್ಷ ವರ್ಷ ಮುಂದುವರಿಸಿದರು. ಹೀಗೆ ನಾನು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಇಳಿದದ್ದು ೧೯೪೬ರಲ್ಲಿ.

ಟಾಂಗಾ ಮಾಡಿಕೊಂಡು ರಾಯಾಪುರಕ್ಕೆ ಹೋದೆ. ಕಟ್ಟೆಯ ಮೇಲೆ ಕುಳಿತು ಹುಣಸೆಕಾಯಿ ತಿನ್ನುತ್ತಿದ್ದ ಹುಡುಗಿ ನನ್ನನ್ನು, ನನ್ನ ಟ್ರಂಕನ್ನು ನೋಡಿ ಒಳಗೆ ಕೂಗಿದಳು:

“ಅಮ್ಮಾ, ಯಾರೋ ಕಾಕಾ ಬಂದಾರ.”

ಬೀಬಿಜಾನ್ ಹೊರಗೆ ಬಂದಳು. ನನ್ನ ಕೈಯಿಂದ ಟ್ರಂಕು ತೆಗೆದುಕೊಂಡು ಒಳಗಿಟ್ಟಳು. ಆಮೇಲೆ, ದಿನಾ ಸಂಜೆ ಕೇಳುತ್ತಿದ್ದವಳಂತೆ, “ಊಟ ಆಗೇತೇನ್ರಿ?” ಎಂದಳು.

ಜೈನಾಬಿಗೆ ನನ್ನನ್ನು ಅಬ್ಬಾ ಎಂದು ಕರೆಯಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನಾನು ಅವಸರ ಮಾಡಲಿಲ್ಲ.

ಮುಂದೆ ಹುಬ್ಬಳ್ಳಿಯ ಜಿನ್ನಿನಲ್ಲೇ ನಿವೃತ್ತಿಯ ತನಕ ದುಡಿದೆ. ಪರದೇಶಕ್ಕೆ ಹೊರಟ ಕೆಲಸಗಾರರು ಈಗಲೂ ಸಲಹೆ ಕೇಳಲು ಬರುತ್ತಾರೆ. ಧಣಿ ಬದಲಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಇಬ್ಬರು ಧಣಿಗಳೂ ಒಳ್ಳೆಯವರೇ, ನಾನು ಆಸೆಪಟ್ಟದ್ದೂ ತಪ್ಪಲ್ಲ. ಆದರೆ ಹೊಸ ಸಹಿ ಹಾಕುವ ಮೊದಲು, ಹಳೆಯ ಕರಾರಿನಲ್ಲಿ ಊರಿಗೆ ಮರಳಲು ಎಷ್ಟು ದಿನ ಉಳಿದಿದೆ ಎಂದು ನೋಡಿಕೊಳ್ಳಿ ಎನ್ನುತ್ತೇನೆ. ಕೂಲಿ ಹೆಚ್ಚುಕಡಿಮೆ ಆದರೆ ಇನ್ನೊಂದು ಹಂಗಾಮಿನಲ್ಲಿ ಸರಿಮಾಡಿಕೊಳ್ಳಬಹುದು. ಮಗಳ ಮೊದಲ ಏಳು ವರ್ಷವನ್ನು ನನಗೆ ಯಾವ ಹಂಗಾಮೂ ತಂದುಕೊಡಲಿಲ್ಲ.