ಸೂಜಿಯಕ್ಕನ ಬಿಲ್ಲಿನ ಸದ್ದು

ನೋಟೀಸನ್ನು ಸೂಜಿಯಕ್ಕ ಮೂರು ಸಲ ಓದಿದಳು. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಒಂದೊಂದು ಪದದ ಕೆಳಗೂ ಬೆರಳಿಟ್ಟು. "ಮರದ ಬಿಲ್ಲುಗಳ ಶಬ್ದದಿಂದ ಸದಸ್ಯರ ಏಕಾಗ್ರತೆಗೆ ಭಂಗವಾಗುತ್ತಿರುವುದರಿಂದ, ಮುಂದಿನ ಸೂಚನೆಯವರೆಗೆ ಮರದ ಬಿಲ್ಲುಗಳಿಗೆ ಒಳಾಂಗಣದಲ್ಲಿ ಪ್ರವೇಶವಿಲ್ಲ." ಕೆಳಗೆ ಕಾರ್ಯದರ್ಶಿಯ ಸಹಿ, ಸಹಿಯ ಮೇಲೆ ಮೊಹರು.

ಬಿಲ್ಲುಗಳು! ಆ ಬಿಲ್ಲುಗಾರರ ಕ್ಲಬ್ಬಿನ ಇಪ್ಪತ್ತಾರು ಸದಸ್ಯರಲ್ಲಿ ಮರದ ಬಿಲ್ಲು ಹಿಡಿಯುತ್ತಿದ್ದವಳು ಅವಳೊಬ್ಬಳೇ. ಉಳಿದವರದೆಲ್ಲ ತುದಿಗೆ ಚಕ್ರ, ನಡುವೆ ಗುರಿ ನೋಡುವ ಗಾಜು ಇರುವ ಲೋಹದ ಬಿಲ್ಲುಗಳು. "ಹೆಸರು ಬರೆಯೋಕೆ ಧೈರ್ಯ ಇಲ್ಲ, ಬಹುವಚನ ಬೇರೆ ಕೇಡು ಇವರಿಗೆ" ಎಂದು ಅವಳು ಸೂಚನಾ ಫಲಕಕ್ಕೇ ಕೇಳಿಸುವಂತೆ ಬೈದಳು.

ಅವಳ ನಿಜವಾದ ಹೆಸರು ಕ್ಲಬ್ಬಿನ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮೂವತ್ತು ವರ್ಷದಿಂದ ಸೋಫಾ, ಕುರ್ಚಿ, ಕಾರಿನ ಸೀಟು ಹೊಲಿಯುವವಳು. ಸೊಂಟದ ಚೀಲದಲ್ಲಿ ಸದಾ ಒಂದು ಡೊಂಕು ಸೂಜಿ ಇರುತ್ತಿದ್ದುದರಿಂದ ಊರಿಗೆಲ್ಲ ಸೂಜಿಯಕ್ಕ. ನಲವತ್ತರ ಹೊತ್ತಿಗೆ ಬಗ್ಗಿ ಬಗ್ಗಿ ಬೆನ್ನು ಗೂನಾಗತೊಡಗಿದಾಗ, ಬಡಗಿ ಕೆಲಸದ ಸೋದರಮಾವ ಒಂದು ಬಿಲ್ಲು ಮಾಡಿಕೊಟ್ಟು, "ದಿನಾ ಐವತ್ತು ಸಲ ಎಳಿ, ಎದೆ ತಾನಾಗಿ ಅಗಲ ಆಗುತ್ತೆ" ಎಂದಿದ್ದ. ಮರದ ತೆಳು ಪಟ್ಟಿಗಳನ್ನು ಅಂಟಿಸಿ ಮಾಡಿದ, ತುದಿಗಳೆರಡೂ ಮುಂದಕ್ಕೆ ಬಾಗಿದ ಬಿಲ್ಲು. ಬೆನ್ನು ನೆಟ್ಟಗಾಯಿತು, ಬಿಲ್ಲು ಮಾತ್ರ ಕೈ ಬಿಡಲಿಲ್ಲ. ಹನ್ನೊಂದು ವರ್ಷದಿಂದ ದಿನವೂ ಅಂಗಡಿ ಮುಚ್ಚಿದ ಮೇಲೆ ನೇರ ಕ್ಲಬ್ಬು, ಕೊನೆಯ ಸಾಲಿನ ಗುರಿಹಲಗೆ, ಐವತ್ತು ಬಾಣ, ಆಮೇಲೆ ಮನೆ.

ಕಾರ್ಯದರ್ಶಿ ಬಂದು ಎಂಟು ತಿಂಗಳಾಗಿತ್ತಷ್ಟೆ. ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ಮನುಷ್ಯ. ನೋಟೀಸು ಬರೆಯದಿದ್ದರೆ ಆತನಿಗೆ ಅನ್ನ ಅರಗುತ್ತಿರಲಿಲ್ಲ. ಲೋಟ ತೊಳೆಯುವುದಕ್ಕೊಂದು, ಚಪ್ಪಲಿ ಬಿಡುವುದಕ್ಕೊಂದು, ಫ್ಯಾನು ಆರಿಸುವುದಕ್ಕೊಂದು. ಸೂಜಿಯಕ್ಕ ಆತನ ಮೇಜಿನ ಮುಂದೆ ನಿಂತಳು.

"ಸಾರ್, ಇದು ನನ್ನ ಬಗ್ಗೆ ತಾನೇ?"

"ಯಾರೊಬ್ಬರ ಬಗ್ಗೆಯೂ ಅಲ್ಲಮ್ಮ. ಇದು ನಿಯಮ."

"ಹನ್ನೊಂದು ವರ್ಷ ಯಾರ ಕಿವಿಗೂ ಬೀಳದ ಸದ್ದು ಈಗ ಯಾರ ಕಿವಿಗೆ ಬಿತ್ತು?"

"ದೂರು ಬಂದಿದೆ. ಯಾರದು ಅಂತ ಹೇಳೋ ಹಾಗಿಲ್ಲ."

"ಬರೆದು ಕೊಟ್ಟಿದಾರಾ?"

"ಬಾಯಲ್ಲಿ ಹೇಳಿದಾರೆ. ಹೊರಗೆ ಮೈದಾನ ಇದೆಯಲ್ಲ, ಅಲ್ಲಿ ಹೊಡ್ಕೊಳ್ಳಿ. ಬೇಡ ಅಂದವರು ಯಾರು?"

ಮೈದಾನವನ್ನು ಐದು ಗಂಟೆಯ ಮೇಲೆ ವಾಕಿಂಗ್ ಮಾಡುವವರಿಗೆ ಬಿಡುತ್ತಿದ್ದರು. ಅವಳ ಅಂಗಡಿ ಮುಚ್ಚುತ್ತಿದ್ದುದು ಐದೂವರೆಗೆ. ಅದು ಆತನಿಗೆ ಗೊತ್ತಿತ್ತು, ಗೊತ್ತಿರುವುದು ಅವಳಿಗೂ ಗೊತ್ತಿತ್ತು. ಆತನ ಕೋಣೆಯಿಂದ ಆಚೆ ಬಂದರೆ ಅವಳ ಸಾಲಿನಲ್ಲಿ ಆಗಲೇ ಕಾರ್ಯದರ್ಶಿಯ ಅಳಿಯ ತನ್ನ ಚಕ್ರದ ಬಿಲ್ಲು ಹಿಡಿದು ನಿಂತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಬಿಲ್ಲನ್ನು ಗೋಡೆಗೆ ಒರಗಿಸಿದವಳೇ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗಂಡ ಗ್ಯಾರೇಜ್ ಮೆಕ್ಯಾನಿಕ್. ಬಾನೆಟ್ ತೆಗೆಯದೆ, ಇಂಜಿನ್ ಸದ್ದು ಕೇಳಿಯೇ ರೋಗ ಹೇಳುವುದರಲ್ಲಿ ಎತ್ತಿದ ಕೈ. ಕೈಗಂಟಿದ ಗ್ರೀಸ್ ಒರೆಸಿಕೊಳ್ಳುತ್ತಾ ಅವನು ಪೂರ್ತಿ ಕೇಳಿಸಿಕೊಂಡ.

"ಒಂದು ಮಾತು ಹೇಳ್ತೀನಿ, ಬೈಬೇಡ. ನಿನ್ನ ಬಿಲ್ಲು ಸದ್ದು ಮಾಡುತ್ತೆ ಕಣೇ."

"ಏನ್ರೀ, ನೀವು ಯಾರ ಕಡೆ?"

"ನಾನು ಸದ್ದಿನ ಕಡೆ. ಬಾಣಕ್ಕೆ ಹೋಗದೆ ಉಳಿದ ಶಕ್ತಿ ಬಿಲ್ಲೊಳಗೇ ಒದ್ದಾಡುತ್ತೆ. ಹೆದೆ ತುದಿಗೆ ಹೋಗಿ ಬಡಿಯುತ್ತೆ, ಆಮೇಲೆ ಗುಂಯ್ ಅಂತ ನಡುಗುತ್ತೆ. ಅವನು ಮಾಡಿದ್ದು ಅನ್ಯಾಯ, ಅದು ಬೇರೆ. ಆದರೆ ಸದ್ದು ಇದೆ."

ಆ ರಾತ್ರಿ ಅವಳು ಅವನ ತಟ್ಟೆಯನ್ನು ಠಣ್ಣೆಂದು ಇಟ್ಟು ಒಳಗೆ ಹೋದಳು. ಅನ್ಯಾಯ ಮಾಡಿದವನ ಬಾಯಲ್ಲಿ ಅರ್ಧ ನಿಜ ಇದ್ದರೆ ಹೊಟ್ಟೆಯುರಿ ಎರಡು ಪಾಲು. ಪೂರ್ತಿ ಸುಳ್ಳಾಗಿದ್ದರೆ ಬೈದು ಹಗುರಾಗಬಹುದಿತ್ತು.

ಭಾನುವಾರ ಅಂಗಡಿಗೆ ರಜೆ. ಹಿಂದಿನ ಉದ್ದನೆಯ ಗೋದಾಮಿನ ಕೊನೆಯಲ್ಲಿ ಹಳೆ ಹಾಸಿಗೆಗಳನ್ನು ಸುತ್ತಿ ಕಟ್ಟಿ ಗುರಿ ಮಾಡಿದಳು. ಗಂಡ ಮಧ್ಯದಲ್ಲಿ, ಗೋಡೆ ಪಕ್ಕ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತ. ಮೊದಲ ಬಾಣ ಬಿಟ್ಟಾಗ ಅವಳಿಗೇ ಕೇಳಿಸಿತು: "ಠಪ್!" ಹಿಂದೆಯೇ ಎಳೆದೆಳೆದು "ಗುಂಯ್ಯ್." ಇಷ್ಟು ವರ್ಷ ಕೇಳಿಸಿಯೇ ಇರಲಿಲ್ಲವಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

ಸಾಮಾನಿಗೇನೂ ಬರವಿರಲಿಲ್ಲ. ಮೊದಲು ಸೋಫಾದ ಚರ್ಮದ ಚೂರನ್ನು ಎಳೆ ಎಳೆಯಾಗಿ ಕತ್ತರಿಸಿ ಹೆದೆಗೆ ಕಟ್ಟಿದಳು. ಅದು ತಾನೇ ಫಟಫಟ ಬಡಿದುಕೊಂಡಿತು. "ಇದ್ದ ಸದ್ದಿಗೆ ಇನ್ನೊಂದು ಸೇರಿತು" ಎಂದ ಗಂಡ, ಕಣ್ಣು ಬಿಡದೆ. ಸ್ಪಂಜಿನ ತುಂಡು ಇಪ್ಪತ್ತು ಬಾಣಕ್ಕೆ ಪುಡಿಪುಡಿಯಾಗಿ ಅವಳ ಮೂಗಿಗೆ ಬಂತು. ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ ಕಟ್ಟಿದಾಗ ಸದ್ದೇನೋ ಪಾತಾಳಕ್ಕಿಳಿಯಿತು, ಆದರೆ ಹೆದೆ ಭಾರವಾಗಿ ಬಾಣ ನಾಲ್ಕು ಬೆರಳು ಕೆಳಗೆ ನಾಟಿತು. "ಬೇಡ. ಅವನ ಕಿವಿ ಉಳಿಸೋಕೆ ನನ್ನ ಗುರಿ ಯಾಕೆ ಕೆಡಿಸ್ಕೊಳ್ಲಿ?" ಎಂದು ಕಿತ್ತೆಸೆದಳು.

ಆಮೇಲೆ ಉಣ್ಣೆ. ದಿಂಬಿನ ಅಂಚಿಗೆ ಹೊಲಿಯುವ ದಪ್ಪ ಉಣ್ಣೆಯ ನೂಲನ್ನು ಬೆರಳುದ್ದ ಕತ್ತರಿಸಿ, ಹೆದೆಯ ಎಳೆಗಳ ನಡುವೆ ತೂರಿಸಿ, ಬಿಗಿದು, ತುದಿ ಬಿಡಿಸಿ ಉಂಡೆಯಾಗಿ ಅರಳಿಸಿದಳು. ಎರಡೂ ತುದಿಯಿಂದ ಹೆದೆಯ ಕಾಲು ಭಾಗದಷ್ಟು ಒಳಗೆ, ಒಂದೊಂದು ಕುಚ್ಚು. ಗುಂಯ್ ಎನ್ನುವುದು ಅಲ್ಲಿಗೆ ಸತ್ತಿತು. ಬಾಣವೂ ಹೆಚ್ಚು ಇಳಿಯಲಿಲ್ಲ.

"ಗುಂಯ್ ಹೋಯ್ತು. ಠಪ್ ಇದೆ" ಎಂದ ಗಂಡ.

ಠಪ್ ಎನ್ನುವುದು ಬೇರೆ ರೋಗ. ಬಾಗಿದ ತುದಿಯ ಮೇಲೆ ಹೆದೆ ಬಂದು ಬಡಿಯುವ ಜಾಗದಲ್ಲಿ ಬಣ್ಣ ಸವೆದು ಗೆರೆಯಾಗಿತ್ತು. ಅಲ್ಲಿಗೆಂದು, ಕುರ್ಚಿ ಕಾಲಿಗೆ ಅಂಟಿಸುವ ತೆಳು ಉಣ್ಣೆಬಟ್ಟೆಯಿಂದ ತುದಿಗೊಂದರಂತೆ ಪಟ್ಟಿ ಕತ್ತರಿಸಿದಳು. ಎರಡು ಪಟ್ಟಿಯನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿ, ಸಮತೂಕವಾಗಲೆಂದು ಒಂದರ ಅಂಚನ್ನು ಕೂದಲೆಳೆಯಷ್ಟು ಸವರಿ, ಅಂಟಿಸಿದಳು. ಕೊನೆಗೆ ಹೆದೆಯನ್ನು ಬಿಚ್ಚಿ ಹನ್ನೆರಡು ಸುತ್ತು ತಿರುಚಿ ಮತ್ತೆ ಏರಿಸಿದಾಗ ಅದು ಸ್ವಲ್ಪ ಗಿಡ್ಡವಾಗಿ, ಹಿಡಿಯಿಂದ ಅರ್ಧ ಬೆರಳು ಹೆಚ್ಚು ದೂರ ನಿಂತಿತು. ಬಾಣ ಬಿಟ್ಟಳು.

ಗಂಡ ಕಣ್ಣು ಮುಚ್ಚಿಕೊಂಡೇ ಇದ್ದ. "ಹೂಂ, ಬಿಡು."

"ಬಿಟ್ಟಾಯ್ತು ರೀ."

"ಯಾವಾಗ? ನೀನು ಹಾಸಿಗೆ ಗುದ್ದಿದೆ ಅಂದ್ಕೊಂಡೆ!"

ಮಂಗಳವಾರ ಬಿಲ್ಲು ತೆಗೆದುಕೊಂಡು ಹೋದಳು. ಕಾರ್ಯದರ್ಶಿ ಬಿಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. "ಅದಕ್ಕೆ ಏನು ಕಟ್ಟಿದರೂ ಮರದ್ದೇ ಅಲ್ವಾಮ್ಮ? ನಿಯಮ ಮರಕ್ಕೆ." ಒಮ್ಮೆ ಕೇಳಿ ನೋಡಿ ಸಾರ್ ಎಂದಳು. ಪುರುಸೊತ್ತಿಲ್ಲ ಎಂದ. ಹೀಗೆ ಒಂದು ವಾರ, ಎರಡು ವಾರ, ಆರು ವಾರ. ಕೈಯಲ್ಲಿ ಪೆನ್ನು ತಿರುಗಿಸುತ್ತಾ ಕೂತವನಿಗೆ ಪುರುಸೊತ್ತಿಲ್ಲ! ಕೊನೆಗೆ ಅವಳು ತಿಂಗಳ ಸಭೆಗೇ ಬಿಲ್ಲು ಹಿಡಿದು ನುಗ್ಗಿದಳು, ಗಂಡನನ್ನೂ ಕರೆದುಕೊಂಡು.

ಸಭೆಯಲ್ಲಿ ಅವಳ ಮಾತಿಗೆ ಕಿವಿಗೊಟ್ಟವನು ಶಾಲೆಯೊಂದರ ಆಟದ ಮೇಷ್ಟ್ರು. ಕ್ಲಬ್ಬಿನ ಹಳೆಯ ಸದಸ್ಯ. "ಜಗಳ ಯಾಕೆ? ಪರೀಕ್ಷೆ ಮಾಡೋಣ. ಸಾರ್ ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಲಿ. ಸೂಜಿಯಕ್ಕ, ಸಾರ್ ಅವರ ಅಳಿಯ, ಇಬ್ಬರೂ ಹೊಡೀಲಿ. ಯಾವುದು ಯಾವ ಬಿಲ್ಲಿನ ಸದ್ದು ಅಂತ ಸಾರ್ ಹೇಳಲಿ."

"ಇದಕ್ಕೆ ಪರೀಕ್ಷೆ ಬೇರೆ ಬೇಕಾ?" ಎನ್ನುತ್ತಲೇ ಕಾರ್ಯದರ್ಶಿ ತಿರುಗಿ ನಿಂತ.

ಮೇಷ್ಟ್ರು ಮೊದಲು ಸೂಜಿಯಕ್ಕನಿಗೆ ಕೈಸನ್ನೆ ಮಾಡಿದ. ಬಾಣ ಹೋಗಿ ನಾಟಿದ ಸದ್ದಷ್ಟೇ ಕೇಳಿತು.

"ಚಕ್ರದ್ದು. ನೋಡಿ, ಎಷ್ಟು ನಯ!" ಎಂದ ಕಾರ್ಯದರ್ಶಿ.

ಯಾರೋ ಕಿಸಕ್ಕನೆ ನಕ್ಕರು. ಈಗ ಅಳಿಯ ಬಿಟ್ಟ. ಎಲ್ಲೋ ಒಂದು ತಿರುಪು ಸಡಿಲವಾಗಿತ್ತೇನೋ, "ಟಡಕ್, ಝರ್ರ್" ಎಂದಿತು.

"ಇದು ಮರದ್ದು! ಕಿವಿ ಹರಿದು ಹೋಗುತ್ತೆ. ನಾನು ಹೇಳಲಿಲ್ವಾ?"

ಆರು ಬಾಣ, ಆರೂ ತಲೆಕೆಳಗು. ಕಾರ್ಯದರ್ಶಿ ತಿರುಗಿದಾಗ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಳಿಯ ತನ್ನ ಚಕ್ರವನ್ನೇ ನೋಡುತ್ತಿದ್ದ. ಇಷ್ಟಕ್ಕಾದರೂ ಸುಮ್ಮನಾಗಬಾರದೇ? ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ.

"ಹಾಗಾದರೆ ಇದು ಇನ್ನೂ ಅಪಾಯ. ಸದ್ದೇ ಇಲ್ಲದ ಬಿಲ್ಲು! ಬಾಣ ಬಿಟ್ಟದ್ದು ಪಕ್ಕದವರಿಗೆ ಗೊತ್ತಾಗೋದು ಹೇಗೆ? ಸುರಕ್ಷತೆ ದೃಷ್ಟಿಯಿಂದ..."

ಸೂಜಿಯಕ್ಕ ಬಿಲ್ಲನ್ನು ಮೇಜಿನ ಮೇಲೆ, ಆತನ ಕಡತಗಳ ಮೇಲೆಯೇ ಇಟ್ಟಳು.

"ಸಾರ್, ಸದ್ದು ಮಾಡಿದ್ರೆ ತೊಂದರೆ, ಮಾಡದಿದ್ರೆ ಅಪಾಯ. ನಿಮಗೆ ಬೇಡವಾಗಿರೋದು ಸದ್ದಲ್ಲ, ನಾನು. ನನ್ನ ಸಾಲು ನಿಮ್ಮ ಅಳಿಯನಿಗೆ ಬೇಕಿತ್ತು. ಅದನ್ನೇ ಬಾಯಿ ಬಿಟ್ಟು ಕೇಳಿದ್ರೆ ಪಕ್ಕಕ್ಕೆ ಸರಿದು ಜಾಗ ಕೊಡ್ತಿದ್ದೆ. ನೀವು ನನ್ನ ಬಿಲ್ಲಿನ ಮೇಲೆ ಗೂಬೆ ಕೂರಿಸಿದ್ರಿ. ಆರು ವಾರ ನಾನು ನಿಮ್ಮ ಮುಂದೆ ನಿಂತೆ. ಒಂದು ಸಲ ಕಿವಿ ಕೊಟ್ಟಿದ್ರೆ ಏನು ಸವೆದು ಹೋಗ್ತಿತ್ತು?"

ಮೇಷ್ಟ್ರು ಕೈ ಎತ್ತಿಸಿದ. ಹದಿನೇಳು ಕೈಗಳು ಅವಳ ಪರ ಎದ್ದವು. ಎಲ್ಲರಿಗಿಂತ ತಡವಾಗಿ, ಮಾವನ ಕಡೆ ನೋಡದೆ, ಅಳಿಯನೂ ಅರ್ಧ ಕೈ ಎತ್ತಿದ.

ಸಾಲು ವಾಪಸು ಬಂತು. ಆದರೆ ಮೊದಲ ದಿನ ಅವಳ ಬಾಣಗಳು ಹಲಗೆಯ ತುಂಬ ಚೆಲ್ಲಾಪಿಲ್ಲಿಯಾದವು. ಹಿಡಿಯಿಂದ ಹೆದೆಯ ದೂರ ಬದಲಾಗಿತ್ತು, ಆರು ವಾರ ಕೈಗೆ ಸರಿಯಾದ ಅಭ್ಯಾಸವಿರಲಿಲ್ಲ. ಹಳೆಯ ಗುರಿ ಹಿಡಿಯಲು ಹದಿನೈದು ದಿನ ಬೇಕಾಯಿತು. ಆ ಹದಿನೈದು ದಿನವನ್ನೂ ಅವಳು ಕಾರ್ಯದರ್ಶಿಯ ತಲೆಗೇ ಕಟ್ಟಿದಳು.

ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕ ಓದಿದಾಗ "ಸೂಚನೆಯನ್ನು ಹಿಂಪಡೆಯಲಾಗಿದೆ" ಎಂದಷ್ಟೇ ಇತ್ತು. ಸೂಜಿಯಕ್ಕ ಎದ್ದು ನಿಂತಳು. "ತಪ್ಪು ಅಂತ ಬರೀರಿ."

"ಹಿಂಪಡೆದ ಮೇಲೆ ಅದೇ ಅರ್ಥ ಅಲ್ವಾಮ್ಮ?"

"ಅದೇ ಅರ್ಥ ಆದ್ರೆ ಬರೆಯೋಕೆ ಕಷ್ಟ ಏನು?"

ಆ ಸಭೆಯಲ್ಲಿ ಬರೆಯಲಿಲ್ಲ. ಅದರ ಮುಂದಿನದರಲ್ಲೂ ಬರೆಯಲಿಲ್ಲ. ಪ್ರತಿ ಸಲವೂ ಅವಳು ಎದ್ದು ನಿಂತು ಅದೇ ಮಾತು ಕೇಳಿ ಕೂರುತ್ತಿದ್ದಳು. "ಸಾಕು ಬಿಡೇ, ಗೆದ್ದಾಯ್ತಲ್ಲ" ಎಂದ ಗಂಡನಿಗೆ, "ಅವರು ನನ್ನ ಹೊರಗೆ ಹಾಕಿದ್ದು ಮೊಹರು ಒತ್ತಿ. ಒಳಗೆ ಕರೆಯೋದು ಮಾತ್ರ ಅರ್ಧಂಬರ್ಧಾನಾ?" ಎಂದಳು. ನಾಲ್ಕನೆಯ ಸಭೆಯಲ್ಲಿ, ಅವಳು ಕುರ್ಚಿ ಸರಿಸಿ ಏಳುತ್ತಿದ್ದಂತೆಯೇ ಕಾರ್ಯದರ್ಶಿ ಕೈ ಅಡ್ಡ ಹಿಡಿದು, ಪುಸ್ತಕ ಎಳೆದುಕೊಂಡು, "ತಪ್ಪಾಗಿ ಹೊರಡಿಸಿದ" ಎಂಬ ಎರಡು ಪದಗಳನ್ನು ಸಾಲಿನ ನಡುವೆ ಸಣ್ಣಗೆ ತುರುಕಿದ. ಅವಳು ಮೇಜಿನ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಓದಿದಳು.

"ಮೊಹರು?" ಎಂದು ಕೇಳಿದಳು.