ಹೊಸಿಲ ಮೇಲೆ ಬಗ್ಗಿಸಿದ ತಗಡು

ಸೀಮೆಎಣ್ಣೆಯಲ್ಲಿ ನೆನೆದ ತುಕ್ಕಿಗೆ ಒಂದು ವಾಸನೆಯಿದೆ. ಬರೀ ಸೀಮೆಎಣ್ಣೆಯದಲ್ಲ, ಬರೀ ಕಬ್ಬಿಣದ್ದೂ ಅಲ್ಲ. ಎರಡೂ ಒಂದೇ ಡಬ್ಬದಲ್ಲಿ ಒಂದು ದಿನ ಕೂತ ಮೇಲೆ ಏಳುವ, ಗಂಟಲಿಗೆ ಕಹಿಯಾದ, ಮೂಗಿಗೆ ಮಾತ್ರ ಯಾಕೋ ಹಿತವಾದ ವಾಸನೆ. ಹೋದ ವಾರ ತ್ಯಾಮಗೊಂಡ್ಲಿನ ನಮ್ಮ ಮನೆಯ ಹಿಂದೆ ಚಪ್ಪರದಡಿ ನಿಂತಿರುವ ಹಳೆಯ ವ್ಯಾನಿನ ಬೋಲ್ಟುಗಳನ್ನು ಬಿಚ್ಚಿ ನೆನೆಹಾಕಿದೆ. ಮರುದಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಹಣೆಯ ಬೆವರು ಒರೆಸಿಕೊಂಡಾಗ ಬೆರಳಿನಿಂದ ಅದೇ ವಾಸನೆ ಎದ್ದು ಬಂತು. ಸೋಪು ಹಾಕಿ ಎಷ್ಟು ತಿಕ್ಕಿದ್ದರೂ ಹೋಗಿರಲಿಲ್ಲ. ಮಗ್ಗಿಯ ನಡುವೆ ನಾನು ನಿಂತೇಬಿಟ್ಟೆ, ಮಕ್ಕಳು ಮುಖ ಮುಖ ನೋಡಿಕೊಂಡರು. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಈಗ ಇಲ್ಲದ ಯಾವುದೋ ಮನೆಯ ಒಳಕ್ಕೆ ಕೈ ಹಿಡಿದು ಕರೆದುಕೊಂಡು ಹೋಗುವಂಥದ್ದು. ನನ್ನನ್ನು ಅದು ಕರೆದೊಯ್ಯುವುದು ದೇವನಹಳ್ಳಿಯ ಪಕ್ಕದಲ್ಲಿದ್ದ ನಮ್ಮ ಮನೆಗೆ, ಆ ಮನೆಯ ಮಗ್ಗುಲಲ್ಲಿದ್ದ ದೊಡ್ಡಪ್ಪನ ಶೆಡ್ಡಿಗೆ.

ಮನೆ ಅಜ್ಜಿಯ ಮಾವನ ಕಾಲದ್ದು. ಗೋಡೆ ಮಣ್ಣಿನದಾದರೂ ಬಾಗಿಲಿನ ಚೌಕಟ್ಟು, ಹೊಸಿಲು ಎಲ್ಲ ಕಲ್ಲು. ಅಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತೆ ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ಇದ್ದೆವು. ಅಪ್ಪ ಹಾಲಿನ ಡೈರಿಗೆ ಕೆಲಸಕ್ಕೆ ಹೋಗುತ್ತಿದ್ದರು. ದೊಡ್ಡಪ್ಪ ಮಾತ್ರ ಶೆಡ್ಡು ಬಿಟ್ಟು ಎಲ್ಲೂ ಹೋದವರಲ್ಲ. ತುಕ್ಕು ಹಿಡಿದು, ಇನ್ನು ಗುಜರಿಗೇ ಸೈ ಎನಿಸಿಕೊಂಡ ವ್ಯಾನುಗಳನ್ನು ತಂದು ಮತ್ತೆ ರಸ್ತೆಗಿಳಿಸುವುದು ಅವರ ಕೆಲಸ. ಹೊಸಕೋಟೆಯ ತರಕಾರಿ ವ್ಯಾನು, ದೊಡ್ಡಬಳ್ಳಾಪುರದ ನೂಲಿನ ವ್ಯಾನು, ಎಲ್ಲವೂ ನಮ್ಮ ಅಂಗಳಕ್ಕೆ ಬಂದು ಮಲಗಿ ಎದ್ದು ಹೋದವೇ. ಶೆಡ್ಡಿನ ಸಾಮಾನುಗಳು ದೊಡ್ಡಪ್ಪನಿಗಿಂತ ವಯಸ್ಸಾದವು. ನನ್ನ ಎರಡು ಕೈ ಸೇರಿಸಿದರೂ ಎತ್ತಲಾಗದ ಸಮ್ಮಟಿಗೆ, ಕೈಯಲ್ಲಿ ತಿರುಗಿಸುವ ಡ್ರಿಲ್ಲು, ಕಮ್ಮಾರರ ಅಡಿಗಲ್ಲು, ನೆಲದಲ್ಲಿ ಹೂತ ಮರದ ಮೋಟಿಗೆ ಬಿಗಿದ ದೊಡ್ಡ ವೈಸು. ತಗಡನ್ನೋ ಸಲಾಕೆಯನ್ನೋ ಆ ವೈಸಿನ ದವಡೆಗೆ ಕೊಟ್ಟು ಹಿಡಿ ತಿರುಗಿಸಿದರೆ ಮುಗಿಯಿತು, ಆನೆ ಬಂದು ಎಳೆದರೂ ಬಿಡುತ್ತಿರಲಿಲ್ಲ. ಯಾರಾದರೂ ಬಂದು ಸುತ್ತಿಗೆ ಸರಿಯಿಲ್ಲ, ಉಳಿ ಮೊಂಡಾಗಿದೆ ಎಂದರೆ ದೊಡ್ಡಪ್ಪ ನಗುತ್ತಿದ್ದರು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತು ನಿನ್ ಕತೆ" ಎಂದು ಅದೇ ಉಳಿಯಲ್ಲಿ ಕೆಲಸ ಮುಗಿಸಿ ತೋರಿಸುತ್ತಿದ್ದರು.

ಅವರಿಗೊಂದು ನೇಮವಿತ್ತು. ಕೆಟ್ಟ ವ್ಯಾನು ಶೆಡ್ಡಿಗೆ ಬರುವುದು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡೇ. ಆದರೆ ಹೋಗುವಾಗ ಹಗ್ಗ ಕಟ್ಟಿಸಿಕೊಂಡು ಹೋಗಕೂಡದು. ತನ್ನ ಎಂಜಿನ್ನಿನ ಮೇಲೆ, ತನ್ನ ಚಕ್ರದ ಮೇಲೆ ಹೋಗಬೇಕು. "ಹಗ್ಗದಲ್ಲಿ ಬಂದಿದ್ದು ಹಗ್ಗದಲ್ಲೇ ಹೋದ್ರೆ ನಾನ್ಯಾಕಿರ್ಬೇಕು ಇಲ್ಲಿ?" ಎನ್ನುತ್ತಿದ್ದರು. ಹಟ ಎಂದರೆ ಹಟ. ಮಾಲೀಕ ಬಂದು, ಇನ್ನು ಸಾಕು ಬಿಡಿ, ಎಳೆದುಕೊಂಡು ಹೋಗುತ್ತೇನೆ ಎಂದು ಗೋಗರೆದರೂ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ಅಂಗಳದಲ್ಲಿ ಜಗಳವಾದರೆ ಅದು ಈ ಹಗ್ಗದ ವಿಷಯಕ್ಕೇ ಆಗಿರುತ್ತಿತ್ತು.

ಊರವರ ವ್ಯಾನುಗಳನ್ನೆಲ್ಲ ಎಬ್ಬಿಸಿ ಕಳಿಸುತ್ತಿದ್ದ ದೊಡ್ಡಪ್ಪ ನಮ್ಮ ಮನೆಯ ವ್ಯಾನನ್ನು ಮಾತ್ರ ಮುಟ್ಟಿರಲಿಲ್ಲ. ಅದು ತಾತನದು. ಚಪ್ಪಟೆ ಮೂತಿಯ, ಒಂದು ಕಾಲಕ್ಕೆ ನೀಲಿಯಾಗಿದ್ದ ವ್ಯಾನು. ತಾತ ಅದರಲ್ಲಿ ದ್ರಾಕ್ಷಿ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದರಂತೆ. ಹಿಂದಿರುಗುವಾಗ ಅಜ್ಜಿಗೆ ಒಂದು ಮೊಳ ಮಲ್ಲಿಗೆ ತಪ್ಪದೆ ತರುತ್ತಿದ್ದರಂತೆ. ತಾತ ತೀರಿಕೊಂಡ ಮೇಲೆ ಅದು ಬೇವಿನ ಮರದಡಿ ನಿಂತಿತು, ನಿಂತೇ ಇತ್ತು. ಟೈರುಗಳು ಮಣ್ಣಿಗಿಳಿದವು, ಕೋಳಿಗಳು ಸೀಟಿನ ಮೇಲೆ ಮೊಟ್ಟೆಯಿಟ್ಟವು. ನನಗೆ ಅದು ಆಟದ ಮನೆ. ಕಾಲಿಡುವ ಕಡೆ ತಳ ತುಕ್ಕು ತಿಂದು ತೂತಾಗಿತ್ತು. ಸೀಟಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಹುಲ್ಲು ತಾಗುತ್ತಿತ್ತು. "ಇವತ್ತಲ್ಲ ನಾಳೆ ಮಾಡ್ತೀನಿ" ಎಂದು ದೊಡ್ಡಪ್ಪ ಹೇಳುತ್ತಲೇ ಇದ್ದರು. ತಮ್ಮಪ್ಪನ ಗಾಡಿಯ ಹೊಟ್ಟೆ ಬಿಚ್ಚಲು ಅವರಿಗೆ ಮನಸ್ಸಾಗುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಏರ್‌ಪೋರ್ಟಿನ ಮಾತು ಬಂತು. ಬರುತ್ತದಂತೆ, ಬರುವುದಿಲ್ಲವಂತೆ ಎಂದು ವರ್ಷಾನುಗಟ್ಟಲೆ ಹರಟೆ ಕಟ್ಟೆಯ ಮೇಲೆ ಮಾತಾಗಿದ್ದದ್ದು ಒಂದು ದಿನ ನಮ್ಮ ಅಂಗಳದಲ್ಲಿ ಕಲ್ಲು ನೆಟ್ಟು ನಿಂತಿತು. ರಸ್ತೆ ಅಗಲವಾಗಬೇಕು, ನಮ್ಮ ಮನೆ, ಶೆಡ್ಡು, ಬೇವಿನ ಮರ ಎಲ್ಲ ಹೋಗಬೇಕು. ದೊಡ್ಡಮ್ಮನ ತವರು ತ್ಯಾಮಗೊಂಡ್ಲಿನಲ್ಲಿ ಒಂದು ಮನೆ ಗೊತ್ತುಮಾಡಿದರು. ಎಲ್ಲರೂ ಒಪ್ಪಿದರು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ರಾಗಿ ಕೇರುತ್ತಾ, ತಲೆಯನ್ನೂ ಎತ್ತದೆ ಹೇಳಿದಳು.

"ಪಾತ್ರೆಪಗಡೆ ಜೊತೆ ಲಾರಿ ಮೇಲೆ ಕೂತ್ಕಂಡು ಹೋಗೋಳಲ್ಲ ನಾನು. ಅವ್ರ ವ್ಯಾನು ಈ ಬಾಗ್ಲಿಂದ ಹೊರಟ್ರೆ ಅದ್ರಲ್ಲಿ ಬರ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ. ಮನೆ ಕೆಡವೋರು ನನ್ನೂ ಸೇರ್ಸಿ ಕೆಡವ್ಲಿ."

ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಆ ವ್ಯಾನು ಏಳುವುದಿಲ್ಲವೆಂದು ತಿಳಿದೇ ಅಜ್ಜಿ ಹಾಗೆ ಹೇಳಿದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಮಾತ್ರ ಎದ್ದು ನಿಂತು, "ಆಯ್ತು ಕಣವ್ವ, ವ್ಯಾನು ಹೋಗ್ತದೆ" ಎಂದರು. ತಾಯಿಯ ಹಟವೇ ಮಗನಿಗೂ ಬಂದಿತ್ತು.

ಅವತ್ತಿನಿಂದ ಶೆಡ್ಡಿಗೆ ಬೇರೆ ಯಾವ ವ್ಯಾನೂ ಬರಲಿಲ್ಲ. ಕೋಳಿಗಳನ್ನು ಓಡಿಸಿ, ಮಣ್ಣಲ್ಲಿ ಹೂತ ಚಕ್ರಗಳನ್ನು ಅಗೆದು ತೆಗೆದು, ತಾತನ ವ್ಯಾನನ್ನು ಒಳಗೆ ತಳ್ಳಿದೆವು. ಎಂಜಿನ್ನು ಕಚ್ಚಿಕೊಂಡು ಕೂತಿತ್ತು. ದೊಡ್ಡಪ್ಪ ಅದರೊಳಕ್ಕೆ ಸೀಮೆಎಣ್ಣೆ ಬಿಟ್ಟು, ದಿನಕ್ಕೊಮ್ಮೆ ಸಲಾಕೆ ಕೊಟ್ಟು ಮೆಲ್ಲಗೆ ಮೀಟುತ್ತಿದ್ದರು. ಅಲುಗದಿದ್ದರೆ ಬೈಯದೆ ಮತ್ತೆ ಎಣ್ಣೆ ಬಿಡುತ್ತಿದ್ದರು. ಬಿಚ್ಚಿದ ಬೋಲ್ಟು, ನಟ್ಟು, ಬುಷ್ಷುಗಳೆಲ್ಲ ಅಮ್ಮನ ಹಳೆಯ ಪಾತ್ರೆಗಳಲ್ಲಿ ನೆನೆಯುತ್ತಿದ್ದವು. ಅನ್ನಕ್ಕೂ ಸಾರಿಗೂ ಅದೇ ವಾಸನೆ ಹತ್ತಿತ್ತು. ಸುತ್ತಲಿನ ಶೆಡ್ಡುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು, ದೂರದಲ್ಲಿ ಮಣ್ಣು ತೆಗೆಯುವ ಯಂತ್ರಗಳ ಗುರುಗುರು ದಿನದಿನಕ್ಕೆ ಹತ್ತಿರ ಬರುತ್ತಿತ್ತು. ಕೊನೆಗೊಂದು ಸಂಜೆ ಸಲಾಕೆಯ ಮೀಟಿಗೆ ಎಂಜಿನ್ನು ಕೂದಲೆಳೆಯಷ್ಟು ತಿರುಗಿತು. ದೊಡ್ಡಪ್ಪ ಸಲಾಕೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟರು. "ನಮ್ಮಪ್ಪ ಮಗ್ಗುಲು ಹೊರಳಿದ್ರು ಕಣಮ್ಮಿ" ಎಂದು ನನಗೆ ಹೇಳಿ, ಮುಖವನ್ನು ಎಣ್ಣೆಬಟ್ಟೆಯಲ್ಲಿ ಒರೆಸಿಕೊಂಡರು. ಬಟ್ಟೆಯ ಮಸಿಯೆಲ್ಲ ಕೆನ್ನೆಗೆ ಬಂದಿತ್ತು, ನಾನು ನಗಲಿಲ್ಲ.

ಇನ್ನು ಉಳಿದದ್ದು ಮುಂದಿನ ತಳದ ತಗಡು. ಬ್ರೇಕು, ಕ್ಲಚ್ಚುಗಳ ಪೆಡಲು ನಿಲ್ಲಬೇಕಾದದ್ದು ಅದರ ಮೇಲೆ, ಅಜ್ಜಿ ಕಾಲಿಡಬೇಕಾದದ್ದೂ ಅದರ ಮೇಲೆ. ಹಳೆಯ ಎಣ್ಣೆಯ ಡ್ರಮ್ಮು ಸೀಳಿ ದಪ್ಪ ತಗಡು ಕತ್ತರಿಸಿಟ್ಟು, ಬ್ರೇಕಿನ ಒಂದು ಸಾಮಾನು ಹುಡುಕಿಕೊಂಡು ದೊಡ್ಡಪ್ಪ ಹೊಸಕೋಟೆಗೆ ಹೋದರು. ಅವತ್ತೇ ತ್ಯಾಮಗೊಂಡ್ಲಿನ ಮನೆಯಲ್ಲಿ ಹಾಲುಕ್ಕಿಸುವ ಮುಹೂರ್ತ. ನಮ್ಮ ವಂಶದಲ್ಲಿ ಒಂದು ರೂಢಿ: ಯಾವುದರಿಂದ ಮನೆಗೆ ಅನ್ನ ಬರುತ್ತದೋ ಅದು ಎಲ್ಲಕ್ಕಿಂತ ಮೊದಲು ಹೊಸ ಮನೆಯ ಹೊಸಿಲು ದಾಟಬೇಕು. ಉಳುವವರ ಮನೆಯಾದರೆ ನೇಗಿಲು. ದೊಡ್ಡಮ್ಮ ಯೋಚಿಸಿದಳು, ನಮಗೆ ಅನ್ನ ಕೊಟ್ಟದ್ದು ವೈಸು, ಅಡಿಗಲ್ಲು. ಆಳುಗಳನ್ನು ಕರೆದು, ಮರದ ಮೋಟಿನಿಂದ ವೈಸು ಬಿಚ್ಚಿಸಿ, ಅರಿಸಿನ ಕುಂಕುಮ ಇಟ್ಟು, ಅಡಿಗಲ್ಲಿನ ಜೊತೆ ಲಾರಿಗೇರಿಸಿ ಕಳಿಸಿಯೇಬಿಟ್ಟಳು. ಅಲ್ಲಿ ವೈಸು ಮನೆ ಹೊಕ್ಕಿತು, ಅವಳ ತವರಿನವರು ಹಾಲುಕ್ಕಿಸಿದರು. ಸಂಜೆ ಬಂದ ದೊಡ್ಡಪ್ಪ ನೋಡುವುದೇನು, ಬೋಳು ಮೋಟು.

"ಅಯ್ಯೋ, ತಳದ ಕೆಲ್ಸ ಮುಗ್ದೈತೆ ಅನ್ಕೊಂಡಿದ್ನಲ್ಲಾ!" ಎಂದು ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ವಾಪಸು ತರಿಸಬಹುದಿತ್ತಲ್ಲ ಎನ್ನುತ್ತೀರಿ. ಹಾಲುಕ್ಕಿದ ಮನೆ ಹೊಕ್ಕ ವಸ್ತು ಹಳೆಯ ಮನೆಗೆ ಮರಳಿದರೆ ಆ ಹೊಸ ಮನೆ ಯಾರಿಗೂ ದಕ್ಕುವುದಿಲ್ಲ ಎಂಬ ನಂಬಿಕೆ. ದೇವರ ಮುಂದೆ ಕೈ ಮುಗಿಯಲು ಸೋಮಾರಿತನ ಮಾಡುತ್ತಿದ್ದ ದೊಡ್ಡಪ್ಪ ಕೂಡ ಅದನ್ನು ಮೀರುವ ಮಾತೆತ್ತಲಿಲ್ಲ. ವೈಸು ಇಲ್ಲಿಗೆ ಬರುವಂತಿಲ್ಲ, ತಗಡು ಅಲ್ಲಿಗೆ ಹೋಗಿ ಬಂದರೆ ಅದೂ ಆ ಮನೆ ಹೊಕ್ಕು ಮರಳಿದಂತೆಯೇ, ವ್ಯಾನು ಹಗ್ಗದಲ್ಲಿ ಅಲ್ಲಿಗೆ ಹೋಗುವಂತಿಲ್ಲ, ಸುತ್ತಲಿನ ಶೆಡ್ಡುಗಳೆಲ್ಲ ಖಾಲಿ. ಅಷ್ಟು ದಪ್ಪ ತಗಡನ್ನು ನೇರವಾಗಿ ಬಗ್ಗಿಸಲು ಉದ್ದನೆಯ, ಅಲುಗದ ಒಂದು ಅಂಚು ಬೇಕು. ಬಾವಿಯ ಕಟ್ಟೆ ನೋಡಿದರು, ಅದು ಗುಂಡಗಿತ್ತು. ಬಟ್ಟೆ ಒಗೆಯುವ ಕಲ್ಲು ಸಾಲಲಿಲ್ಲ. ಮನೆ ಕೆಡವಲು ಬರುವ ದಿನ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಅವರು ಮುಂಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೊಸಿಲಿಗೆ ದಾರ ಹಿಡಿದು ಅಳೆಯುವುದನ್ನು ಅಜ್ಜಿ ನೋಡಿದಳು.

"ಏನ್ಲಾ ಅಳೀತಿದ್ದೀಯ ಹೊಸ್ಲನ್ನ?"

"ಏನಿಲ್ಲ ಕಣವ್ವ."

"ಸುಳ್ಳು ಬೊಗಳ್ಬೇಡ."

ದೊಡ್ಡಪ್ಪ ದಾರ ಸುತ್ತಿಕೊಂಡು ಎದ್ದರು. "ಇಷ್ಟುದ್ದದ ಗಟ್ಟಿ ಅಂಚು ಇನ್ನೆಲ್ಲೂ ಇಲ್ಲ. ಆದ್ರೆ ಹೊಸ್ಲ ಮೇಲೆ ಸುತ್ತಿಗೆ ಎತ್ತೋದು ಹೆಂಗವ್ವ?" ಎಂದು ಹೊರಗೆ ನಡೆದುಬಿಟ್ಟರು.

ಆ ಹೊಸಿಲು ಅಜ್ಜಿಗೆ ಏನಾಗಿತ್ತೆಂದು ನಿಮಗೆ ಹೇಳಬೇಕು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ, ನಿಂತು ಸೀನುವಂತಿರಲಿಲ್ಲ. ನಾನು ಮರೆತು ತುಳಿದರೆ ಬೆನ್ನಿಗೊಂದು ಬೀಳುತ್ತಿತ್ತು. ಬೆಳಗಾಗುತ್ತಲೇ ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ರಂಗೋಲಿಯ ಎಳೆ ಬಿಡದೆ ಅವಳು ಕಾಫಿ ಕುಡಿದವಳಲ್ಲ. ಅಜ್ಜಿ ಎಷ್ಟೇ ಕಾವಲು ಕಾದರೂ ತಲೆಮಾರುಗಳ ಕಾಲು ಬಿದ್ದು ಕಲ್ಲಿನ ನಡುವೆ ಒಂದು ತಗ್ಗು ಬಿದ್ದಿತ್ತು. ಮಳೆ ಬಂದಾಗ ಅಲ್ಲಿ ಬೊಗಸೆ ನೀರು ನಿಲ್ಲುತ್ತಿತ್ತು. ಈಗ ಅವಳು ಏನೂ ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕು, ವ್ಯಾನು ಹೊರಡುತ್ತಿರಲಿಲ್ಲ, ಅವಳ ಮಾತು ಗೆಲ್ಲುತ್ತಿತ್ತು.

ಬೆಳಿಗ್ಗೆ ಅಜ್ಜಿ ಎಂದಿನಂತೆ ಹೊಸಿಲು ತೊಳೆದಳು. ಎಂದಿಗಿಂತ ನಿಧಾನವಾಗಿ ಅರಿಸಿನ ಬಳಿದಳು, ಕುಂಕುಮವಿಟ್ಟಳು, ನಡುವಿನ ತಗ್ಗಿಗೊಂದು ಹೂವಿಟ್ಟು ಕೈ ಮುಗಿದಳು. ಆಮೇಲೆ ಆ ಹೂವನ್ನು ತಾನೇ ತೆಗೆದು ಮುಡಿಗಿಟ್ಟುಕೊಂಡು ಶೆಡ್ಡಿನ ಕಡೆ ತಿರುಗಿ ಕೂಗಿದಳು.

"ತಗಂಬಾರ್ಲಾ ನಿನ್ ತಗಡ್ನ!"

ತಗಡನ್ನು ಹೊಸಿಲ ಮೇಲೆ ಅಡ್ಡಲಾಗಿ ಇಟ್ಟು, ಅದರ ಮೇಲೊಂದು ತೊಲೆ ಹೇರಿದರು. ಅಲುಗದಂತೆ ಹಿಡಿಯಲು ವೈಸಿಲ್ಲವಲ್ಲ. ಅದಕ್ಕೆ ನಾವೇ ತೊಲೆಯ ಮೇಲೆ ಸಾಲಾಗಿ ಕೂತೆವು. ಅಪ್ಪ, ಅಮ್ಮ, ನಾನು. "ನಾನ್ ಮಾಡಿದ್ದಕ್ಕೆ ನಾನೇ ಭಾರ ಬೀಳ್ತೀನಿ" ಎಂದು ದೊಡ್ಡಮ್ಮ ನಟ್ಟನಡುವೆ ಕೂತಳು. ದೊಡ್ಡಪ್ಪ ಸಮ್ಮಟಿಗೆ ಎತ್ತಿದರು, ಎತ್ತಿದ ಕೈ ಹಾಗೇ ನಿಂತಿತು. "ಹೊಡಿ" ಎಂದಳು ಅಜ್ಜಿ. ಮೊದಲ ಪೆಟ್ಟಿಗೆ ಇಡೀ ಮನೆ ಗುಂಯ್ಗುಟ್ಟಿತು, ತೊಲೆಯ ಮೇಲಿದ್ದ ನನ್ನ ಹಲ್ಲು ಅದುರಿತು. ಅಜ್ಜಿ ಕಣ್ಣು ಮುಚ್ಚಿದವಳು ಎರಡನೆಯ ಪೆಟ್ಟಿಗೆ ತೆರೆದಳು, ಆಮೇಲೆ ಮುಚ್ಚಲಿಲ್ಲ. ಬಿಸಿಲು ಏರುವ ಹೊತ್ತಿಗೆ ತಗಡು ಬಗ್ಗಿತ್ತು. ದೊಡ್ಡಪ್ಪ ಅದನ್ನು ಎತ್ತಿ ದಾರ ಹಿಡಿದು ನೋಡಿ ಮುಖ ಸಿಂಡರಿಸಿದರು.

"ಥತ್, ನಡುವೆ ತಗ್ಗಾಗೈತೆ. ಇನ್ನೊಂದು ಕತ್ತರಿಸ್ತೀನಿ."

ಅಜ್ಜಿ ತಗಡಿನ ಮೇಲೆ ಕೈಯಾಡಿಸಿದಳು. "ಅದು ಹೊಸ್ಲಿನ ತಗ್ಗು ಕಣೋ. ನಂಗಿಂತ ಮುಂಚಿನೋರು ತುಳ್ದಿದ್ದು, ನಾನು ತಿಕ್ಕಿದ್ದು. ಇರ್ಲಿ ಬಿಡು."

ವ್ಯಾನು ಹೊರಡುವ ದಿನ ಅಪ್ಪ, ಯಾವುದಕ್ಕೂ ಇರಲಿ ಎಂದು, ಒಂದು ಹಗ್ಗ ತಂದು ಪಕ್ಕದಲ್ಲಿಟ್ಟಿದ್ದರು. ದೊಡ್ಡಪ್ಪ ಅದನ್ನು ಎತ್ತಿ ಸೀದಾ ಬಾವಿಗೆ ಎಸೆದರು. ವ್ಯಾನು ಕೆಮ್ಮಿತು, ಕರೀ ಹೊಗೆ ಉಗುಳಿತು, ನಿಂತಿತು. ಮತ್ತೆ ಕೆಮ್ಮಿ, ಈ ಸಲ ಉಸಿರು ಹಿಡಿಯಿತು. ಅಮ್ಮ ಅಳುತ್ತಿದ್ದಳು, ನಾನು ಕುಣಿಯುತ್ತಿದ್ದೆ. ಅಜ್ಜಿ ಒಳಗಿಂದ ದೀಪ ಹಿಡಿದು ಬಂದಳು. ಬಾಗಿಲಲ್ಲಿ, ಜೀವಮಾನವೆಲ್ಲ ನಮ್ಮನ್ನು ಗದರಿಸಿದವಳು, ಹೊಸಿಲನ್ನು ದಾಟದೆ ಅದರ ಮೇಲೆ ಎರಡೂ ಕಾಲಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿ ಬಂದು ವ್ಯಾನು ಹತ್ತಿ ಕೂತು, ಚಪ್ಪಲಿ ಕಳಚಿ, ಬರಿಗಾಲಲ್ಲಿ ತಳವನ್ನು ಸವರಿದಳು. "ಇಲ್ಲೇ ಐತೆ" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ದೊಡ್ಡಬಳ್ಳಾಪುರ ದಾಟುವವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ.

ಅಜ್ಜಿ ಹೊಸ ಮನೆಯಲ್ಲಿ ಕೆಲವು ವರ್ಷ ಬಾಳಿದಳು. ವ್ಯಾನು ತೆಂಗಿನಕಾಯಿ ಹೊತ್ತಿತು, ನನ್ನ ಮದುವೆಯ ಪಾತ್ರೆಗಳನ್ನು ಹೊತ್ತಿತು. ಅಜ್ಜಿ ಹೋದಳು, ಅಪ್ಪ ಹೋದರು, ದೊಡ್ಡಪ್ಪನೂ ಹೋದರು. ಅವರ ಹಿಂದೆಯೇ ವ್ಯಾನೂ ನಿಂತಿತು. ಹಳೆಯ ಮನೆಯಿದ್ದ ಜಾಗ ಯಾವುದೆಂದು ಈಗ ನನಗೂ ಹೇಳಲಾಗದು. ಕಾರುಗಳು ಅದರ ಮೇಲೆ ಏರ್‌ಪೋರ್ಟಿಗೆ ಹರಿಯುತ್ತಿರುತ್ತವೆ. ಅತ್ತ ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ ನೆಲ ಅಗೆದು ಎಂದೋ ಬಾಳಿದವರ ಇಟ್ಟಿಗೆಗಳನ್ನು ಹೊರತೆಗೆದಿದ್ದಾರೆ. ನಮ್ಮ ಹೊಸಿಲನ್ನು ಅಗೆದು ತೆಗೆಯುವವರು ಯಾರೂ ಇಲ್ಲ. ಆ ದುಃಖ ನನಗೆ ಇದೆ, ಇಲ್ಲವೆಂದು ನಟಿಸಲಾರೆ.

ಹೋದ ವಾರ ಗುಜರಿಯವನು ಬಂದಿದ್ದ. "ಮೇಡಂ, ಹಗ್ಗ ತಂದಿದ್ದೀನಿ, ಎಳ್ಕೊಂಡ್ ಹೋಗ್ತೀನಿ" ಎಂದ. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ, ಈಗ ಕಿವಿ ಅಷ್ಟು ಕೇಳದವಳು, ಹಗ್ಗ ಎಂಬ ಮಾತಿಗೆ ಮಾತ್ರ ತಟ್ಟನೆ ತಲೆಯೆತ್ತಿದಳು. ನಾನು ಅವನನ್ನು ಕಳಿಸಿ, ದೊಡ್ಡಪ್ಪನ ಸಾಮಾನಿನ ಪೆಟ್ಟಿಗೆ ತೆರೆದೆ. ವೈಸು ಮಾವಿನ ಮರದ ಮೋಟಿನ ಮೇಲೆ ಗಟ್ಟಿಯಾಗಿದೆ. ಎಂಜಿನ್ನು ಇನ್ನೂ ತಿರುಗಿಲ್ಲ, ತಿರುಗುತ್ತದೆ. ದಿನವೂ ಶಾಲೆಯಿಂದ ಬಂದು ಎಣ್ಣೆ ಬಿಟ್ಟು, ಸಲಾಕೆ ಮೀಟಿ, ಸಾಕಾದ ಮೇಲೆ ಅಜ್ಜಿಯ ಸೀಟಿನಲ್ಲಿ ಕೂತು ಚಪ್ಪಲಿ ಕಳಚುತ್ತೇನೆ. ತಗಡು ತಣ್ಣಗಿರುತ್ತದೆ. ಕಾಲು ತಾನಾಗಿಯೇ ತಗ್ಗನ್ನು ಹುಡುಕಿಕೊಂಡು ಅಲ್ಲಿ ಕೂರುತ್ತದೆ. ಹೊಸಿಲ ಮೇಲೆ ನಿಂತಿದ್ದೀಯಲ್ಲೇ ಎಂದು ಬೆನ್ನಿಗೊಂದು ಕೊಡುವವರು ಯಾರೂ ಇಲ್ಲ.